ಆಷಾಢ ಕಳೆಯಲಿ ಅಂತ ಕಾದವಳು

ಅಪ್ಪಾ,

ನಾವಿಲ್ಲಿ ಕ್ಷೇಮ. ನಿನ್ನ ಕ್ಷೇಮಕ್ಕೆ ಕಾಗದ ಬರೆ ಅನ್ನುವ ಮುಂದಿನ ಸಾಲನ್ನು ಸೇರಿಸುವ ಹಾಗಿಲ್ಲ, ಅದಕ್ಕೇ ಬಿಟ್ಟಿದ್ದೀನಿ. ಇವತ್ತು ಗುರುವಾರ, ಮಧ್ಯಾಹ್ನ ಮೂರು ಗಂಟೆ. ಹಳೇಕೋಟೆಯ ನಮ್ಮ ಮನೆ ಜಗಲಿಯಲ್ಲಿ, ನೀನು ಪೇಪರ್ ಓದುತ್ತಿದ್ದ ಕುರ್ಚಿಯಲ್ಲೇ ಕೂತಿದ್ದೀನಿ. ಒಳಗೆ ಅವ್ವ ನನ್ನ ಚೀಲಕ್ಕೆ ಅಂತ ಚಟ್ನಿಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದಾಳೆ, ಘಾಟಿಗೆ ಬೀದಿಯಲ್ಲಿ ಹೋಗುವವರೂ ಕೆಮ್ಮುತ್ತಿದ್ದಾರೆ. ನಾಳೆ ನಾನು ಮಸ್ಕತ್ತಿಗೆ ವಾಪಸ್ಸು. ಹೋಗುವ ಮುಂಚೆ ನಿನಗೆ ಒಂದು ಸುಳ್ಳು ಒಪ್ಪಿಸಬೇಕು. ಹೋದ ವರ್ಷ ನೀನು ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದಾಗ ರಜೆ ಸಿಗಲಿಲ್ಲ, ಅದಕ್ಕೇ ಬರಲಿಲ್ಲ ಅಂದೆನಲ್ಲ. ಅದು ರಜೆಯ ಮಾತಾಗಿರಲಿಲ್ಲ. ನನ್ನ ಕೆಲಸದ ಪರವಾನಗಿ ಮುಗಿದುಹೋಗಿತ್ತು.

ನಿನಗೆ ಅದನ್ನು ಹೇಳೋಕೆ ನನಗೆ ಯಾಕೆ ಧೈರ್ಯ ಬರಲಿಲ್ಲ ಅಂದರೆ, ಪಿಯುಸಿಯಲ್ಲಿದ್ದಾಗಿನ ಆ ಸಂಜೆ. ನಿನಗೆ ಯಾವಾಗಲೂ ಚನ್ನರಾಯಪಟ್ಟಣದ ರೂಟು. ಅವತ್ತು ಇನ್ನೊಬ್ಬ ಕಂಡಕ್ಟರು ರಜೆ ಹಾಕಿದ್ದರಿಂದ ನಮ್ಮೂರ ಬಸ್ಸಿಗೆ ನೀನೇ ಬಂದಿದ್ದೆ. ಹೊಳೆನರಸೀಪುರದಲ್ಲಿ ಕಾಲೇಜು ಬಿಟ್ಟು ಹತ್ತಿದ ನಾನು ಅಪ್ಪನ ಬಸ್ಸು ಅಂತ ಮುಂದಿನ ಸೀಟಿನಲ್ಲೇ ಜಂಬದಿಂದ ಕೂತೆ. ನೀನು ಪಾಸು ಕೇಳಿದೆ, ನೋಡಿದೆ, ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ನೋಡಿದೆ. "ಮೊನ್ನೀಕೇ ಮುಗ್ದೋಗದಲ್ಲವ್ವ" ಅಂದೆ. ನಾಳೆ ಮಾಡಿಸ್ತೀನಿ ಅಪ್ಪ ಅಂದರೆ, "ನಾಳೆ ಮಾಡುಸ್ಕೊ. ಇವತ್ತು ಟಿಕೇಟ್ ತಗೊ" ಅಂದೆ. ಹಿಂದೆ ಕೂತಿದ್ದ ಹೆಂಗಸು "ಮಗ್ಳಿಗೂ ಟಿಕೇಟಾ ಸಾ?" ಅಂತ ನಕ್ಕಳು. "ಮಗ್ಳು ಮನೇಲಿ ಕಣಮ್ಮ, ಇಲ್ಲಿ ಪ್ಯಾಸೆಂಜರ್ರು" ಅಂದುಬಿಟ್ಟೆ ನೀನು. ನಾನು ಎರಡು ದಿನ ನಿನ್ನ ಜೊತೆ ಮಾತು ಬಿಟ್ಟಿದ್ದೆ. ನೀನು ಅದನ್ನು ಗಮನಿಸಲೇ ಇಲ್ಲ.

ಇನ್ನು ನೀನು ದೀಕ್ಷೆ ತಗೊಂಡು ಬಂದ ವರ್ಷ. ನಡುಮನೆಗೆ ಬುದ್ಧನ ಫೋಟೊ ಬಂತು, ಪಂಚಾಂಗ ಅಟ್ಟ ಸೇರಿತು. ಒಳ್ಳೇ ಕೆಲಸಕ್ಕೆ ಯಾವ ದಿನ ಆದರೇನು ಅಂತ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದ್ದೆ. ಅವ್ವ ಬುದ್ಧನಿಗೂ ಹೂವಿಟ್ಟಳು. ಅಂಗಡಿಯವರು ಬಿಟ್ಟಿ ಕೊಟ್ಟ ಕ್ಯಾಲೆಂಡರನ್ನು ಅಡುಗೆಮನೆ ಬಾಗಿಲ ಹಿಂದೆ ನೇತುಹಾಕಿ ಅಮಾಸೆ, ರಾಹುಕಾಲ, ಆಷಾಢ ಎಲ್ಲವನ್ನೂ ಅಲ್ಲಿಂದಲೇ ನಡೆಸಿದಳು. ನಿನ್ನ ಆಡಳಿತ ನಡುಮನೆಯವರೆಗೆ ಮಾತ್ರ ಅಪ್ಪ. ನಿನಗೂ ಗೊತ್ತಿತ್ತು ಅನ್ನಿಸುತ್ತೆ.

ಹೋದ ವರ್ಷ ಮಸ್ಕತ್ತಿನ ಹಳೇ ಆಸ್ಪತ್ರೆಯಲ್ಲಿ ನನ್ನ ನರ್ಸ್ ಕೆಲಸದ ಕರಾರು ಮುಗಿಯುತ್ತಾ ಬಂದಾಗ ಇನ್ನೊಂದು ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ನಿನಗೆ ಹೇಳಿದಾಗ ಎಷ್ಟು ಖುಷಿಪಟ್ಟೆ. ಅಲ್ಲಿ ನಮಗೆ ಪರವಾನಗಿಯ ಒಂದು ಕಾರ್ಡು ಇರುತ್ತೆ, ಯಾರ ಹತ್ತಿರ ದುಡಿಯುತ್ತೀವೋ ಅವರ ಹೆಸರಿಗೆ ಕಟ್ಟಿದ್ದು. ಕೆಲಸ ಬದಲಾಯಿಸುವವರು ಅದರ ಅವಧಿ ಇರುವಾಗಲೇ ಹೊಸಬರ ಹೆಸರಿಗೆ ಮಾಡಿಸಿಕೊಳ್ಳಬೇಕು. ಹೊಸ ಆಸ್ಪತ್ರೆಯವರು ಈ ವಾರವೇ ಬಂದು ಸಹಿ ಹಾಕಿ ಅಂದರು. ಸಂಜೆ ಅವ್ವನಿಗೆ ಫೋನ್ ಮಾಡಿದೆ. "ಆಷಾಡ ಉಟ್ಟಿ ನಾಕು ದಿನ ಆಯ್ತಲ್ಲವ್ವ. ಒಸ ಕೆಲ್ಸಕ್ಕೆ ಈಗ ಯಾರಾರ ಸಹಿ ಆಕ್ತಾರಾ? ಸ್ರಾವಣ ಬರ್ಲಿ. ನಿಮ್ಮಪ್ಪಂಗೆ ಏಳ್ಬ್ಯಾಡ, ನಗಾಡ್ತದೆ" ಅಂದಳು. ನಾನು ಹೂಂ ಅಂದೆ. ಹೊಸ ಆಸ್ಪತ್ರೆಗೆ ಏನೋ ಒಂದು ಕಾರಣ ಹೇಳಿ ನಾಲ್ಕು ವಾರ ತಳ್ಳಿದೆ. ನಿನ್ನ ಮಗಳಾಗಿ ಯಾಕೆ ಹಾಗೆ ಮಾಡಿದೆ? ನಂಬಿಕೆ ಅನ್ನೋಕೆ ಆಗಲ್ಲ. ಹಳೇ ವಾರ್ಡು ಬಿಡೋಕೆ ಹೆದರಿಕೆ, ಹೊಸ ಮಷೀನುಗಳ ಮುಂದೆ ಮೊದಲಿಂದ ಕಲಿಯೋಕೆ ಹೆದರಿಕೆ. ಒಂದು ತಿಂಗಳು ಮುಂದೆ ಹೋಯಿತಲ್ಲ ಅಂತ ಒಳಗೊಳಗೇ ಸಮಾಧಾನವಾಗಿತ್ತು.

ಶ್ರಾವಣದ ಮೊದಲ ಸೋಮವಾರ ತಲೆಗೆ ನೀರು ಹಾಕಿಕೊಂಡು ಹೋದೆ. ಹೊಸ ಆಸ್ಪತ್ರೆಯ ಆಫೀಸಿನಲ್ಲಿ ಸಲೀಂ ಅಂತ ಇದ್ದಾನೆ, ಕಾಸರಗೋಡಿನ ಕಡೆಯವನು, ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾನೆ. ನನ್ನ ಕಾರ್ಡು ನೋಡಿದವನು ನೀನು ಪಾಸು ನೋಡಿದ ಹಾಗೆಯೇ ಎರಡನೇ ಸಲ ನೋಡಿದ. "ಸಿಸ್ಟರೇ, ಇದು ಮುಗಿದು ಮೂರು ದಿನ ಆಯ್ತಲ್ಲ" ಅಂದ. ನಾನು ಅದಕ್ಕೆ ಇನ್ನೂ ತಿಂಗಳ ಕೊನೆಯವರೆಗೆ ಅವಧಿ ಇದೆ ಅಂತ ನೆನಪಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ. ಪರ್ಸಿನಿಂದ ತೆಗೆದು ಒಂದು ಸಲವೂ ನೋಡಿರಲಿಲ್ಲ. ದಂಡ ಕಟ್ಟಬೇಕು, ಹಳೇ ಆಸ್ಪತ್ರೆಯಿಂದ ಇನ್ನೊಂದು ಪತ್ರ ಬರಬೇಕು, ಅರ್ಜಿ ಮೊದಲಿಂದ ಹೋಗಬೇಕು, ಅಲ್ಲಿಯವರೆಗೆ ಕೆಲಸ ಮುಟ್ಟುವ ಹಾಗಿಲ್ಲ ಅಂದ. ಊರಿಗೆ ಹೋಗಬಹುದಾ ಅಂತ ಕೇಳಿದೆ. "ಹೋಗ್ಲಿಕ್ಕೆ ಆಗ್ತದೆ. ಆದ್ರೆ ಹೋದ್ರೆ ಅರ್ಜಿ ಅಲ್ಲಿಗೇ ಮುಗೀತದೆ. ಈ ಕೆಲಸ ಬಿಟ್ಟ ಹಾಗೆಯೇ" ಅಂದ. ಆಗ ಊರಿಗೆ ಹೋಗುವ ಕಾರಣವೇನೂ ಇರಲಿಲ್ಲ ನನಗೆ. ಸುಮ್ಮನೆ ಕೇಳಿದ್ದೆ.

ಗೌರಿಹಬ್ಬ ಕಳೆದ ಮೇಲೆ ನಿನಗೆ ಉಸಿರು ಕಟ್ಟೋಕೆ ಶುರುವಾಯಿತು. ತಮ್ಮ ಮಂಜು ನಿನ್ನನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ಸೇರಿಸಿ ಅಲ್ಲಿಂದಲೇ ವಿಡಿಯೊ ಕಾಲ್ ಮಾಡಿದ. ರಜೆ ಸಿಗ್ತಾ ಇಲ್ಲ ಅಪ್ಪ ಅಂದೆ. ಆಗ ನಾನೆಲ್ಲಿದ್ದೆ ಗೊತ್ತಾ? ನನ್ನ ಜೊತೆ ಕೆಲಸ ಮಾಡುತ್ತಿದ್ದ ಜೆಸ್ಸಿಯ ರೂಮಿನಲ್ಲಿ, ಬೆಳಿಗ್ಗೆಯಿಂದ ನೈಟಿಯಲ್ಲೇ, ಅವಳು ಡ್ಯೂಟಿಯಿಂದ ಬರುವುದರೊಳಗೆ ಅಡುಗೆ ಮಾಡಿಟ್ಟು ಗೋಡೆ ನೋಡುತ್ತಾ. ರಜೆ ಇಲ್ಲ ಅಂದವಳಿಗೆ ದಿನವಿಡೀ ರಜೆಯೇ. ನಿನ್ನ ಫೋನು ಬರುವ ಹೊತ್ತಿಗೆ ಮಾತ್ರ ಯೂನಿಫಾರಂ ಹಾಕಿಕೊಂಡು ಕೂರುತ್ತಿದ್ದೆ. ನೀನು ಫೋನನ್ನು ಪಕ್ಕದ ಮಂಚದವರ ಕಡೆ ತಿರುಗಿಸುತ್ತಿದ್ದೆ. "ನೋಡಿ ಸಾ, ನನ್ ಮಗ್ಳು. ಡೂಟಿಲವ್ಳೆ. ಅವ್ಳು ಎದ್ದು ಬಂದ್ಬುಟ್ರೆ ಅಲ್ಲಿ ರೋಗಿಗಳ ಗತಿ ಏನು?" ನಾನು ನಗಬೇಕಾಗಿತ್ತು, ನಗುತ್ತಿದ್ದೆ.

ಒಂದು ದಿನ ಮಂಜು ನಿನ್ನ ಹೃದಯದ ರಿಪೋರ್ಟುಗಳ ಫೋಟೊ ಕಳಿಸಿದ. ಅವನಿಗೆ ಅದು ಬರೀ ನಂಬರು. ನಾನು ಓದಿದೆ. ಹೆಚ್ಚೆಂದರೆ ಹದಿನೈದು ದಿನ ಅಂತ ನನಗೆ ಅಲ್ಲೇ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ. ಮಂಚದ ಕೆಳಗಿನ ಸೂಟ್‌ಕೇಸು ಎಳೆದೆ, ಎರಡು ಜೊತೆ ಬಟ್ಟೆ ಹಾಕಿದೆ, ಅಲ್ಲಿಗೇ ನಿಂತೆ. ನನಗೆ ಮೂವತ್ತೊಂಬತ್ತು. ಈ ಕೆಲಸ ಬಿಟ್ಟರೆ ಮತ್ತೆ ಪರೀಕ್ಷೆ, ಮತ್ತೆ ಏಜೆಂಟು, ಮತ್ತೆ ವರ್ಷಗಟ್ಟಲೆ ಕಾಯೋದು, ಆಮೇಲೂ ಸಿಗುತ್ತೋ ಇಲ್ಲವೋ. ಅವತ್ತು ನಿನ್ನನ್ನು ಏನು ಕೇಳಿದೆ ನೆನಪಿದೆಯಾ ಅಪ್ಪ? "ಕೆಲಸ ಬಿಟ್ಟು ಬಂದುಬಿಡಲಾ?" ಅಂತ ಕೇಳಿದೆ. ನಿನ್ನ ನೋಡಬೇಕು ಅನ್ನಿಸ್ತಿದೆ, ಬರಲಾ ಅಂತ ಕೇಳಲಿಲ್ಲ. ಮೂವತ್ತು ವರ್ಷ ಜ್ವರ ಬಂದರೂ ಡ್ಯೂಟಿಗೆ ಹೋದ ಮನುಷ್ಯನನ್ನು ಹಾಗೆ ಕೇಳಿದರೆ ಏನು ಉತ್ತರ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲವಾ? "ಕೆಲ್ಸ ಬುಡ್ತಾರೇನವ್ವ ಯಾರಾರ. ನಂಗೇನಾಗದೆ. ಇನ್ನೆಲ್ಡು ದಿನ್ದಲ್ಲಿ ಮನೇಗೆ ಓಯ್ತೀನಿ" ಅಂದೆ. ಅಪ್ಪನೇ ಬೇಡ ಅಂದ ಅಂತ ಜೆಸ್ಸಿಗೆ ಹೇಳಿದೆ. ಸೂಟ್‌ಕೇಸನ್ನು ಮತ್ತೆ ಮಂಚದ ಕೆಳಗೆ ತಳ್ಳಿದೆ. ಇದು ನಾನು ನಿನಗೆ ಮಾಡಿದ್ದು. ಕಾರ್ಡು ಮುಗಿದದ್ದಕ್ಕಿಂತ ಇದು ನನ್ನನ್ನು ಹೆಚ್ಚು...

ಅದಾಗಿ ಹನ್ನೊಂದನೇ ದಿನಕ್ಕೆ ನೀನು ಹೋದೆ. ಮಣ್ಣಿಗೆ ಕರೆದುಕೊಂಡು ಹೋಗುವಾಗ ಮಂಜು ಫೋನನ್ನು ಯಾರದೋ ಕೈಗೆ ಕೊಟ್ಟಿದ್ದ. ಪಾಪ, ಅವರಿಗೆ ಅದನ್ನು ಹಿಡಿಯೋಕೆ ಬರುತ್ತಿರಲಿಲ್ಲ. ಅರ್ಧ ಹೊತ್ತು ನನಗೆ ಹುಣಸೆಮರವೇ ಕಾಣಿಸಿತು. ನಿನ್ನ ಮುಖ ಒಂದು ಕ್ಷಣ ಕಂಡಿತು, ಹಣೆ ಮತ್ತು ಮೂಗು ಮಾತ್ರ. ಅವತ್ತೂ ನಾನು ಯೂನಿಫಾರಂ ಹಾಕಿಕೊಂಡೇ ಕೂತಿದ್ದೆ. ಬಹಳ ಅತ್ತೆ ಅಪ್ಪ.

ದೀಪಾವಳಿ ಆಗಿ ಹದಿನೈದು ದಿನಕ್ಕೆ ಸಲೀಂ ಫೋನ್ ಮಾಡಿ ನಿಮ್ಮ ಕಾರ್ಡು ಬಂತು ಸಿಸ್ಟರೇ ಅಂದ. ಮಾರನೇ ದಿನವೇ ಕೆಲಸಕ್ಕೆ ಸೇರಿದೆ. ಹೊಸಬರಿಗೆ ಆರು ತಿಂಗಳು ರಜೆ ಇಲ್ಲ ಅನ್ನೋದು ಅಲ್ಲಿನ ಪದ್ಧತಿ, ಹಾಗಾಗಿ ಊರು ಮುಟ್ಟಿದ್ದು ಮೂರು ವಾರದ ಹಿಂದೆ. ಬಂದ ದಿನವೇ ನಿನ್ನ ಮಣ್ಣಿನ ಹತ್ತಿರ ಹೋಗಿದ್ದೆ. ಇದನ್ನೆಲ್ಲ ಹೇಳದೆಯೇ ವಾಪಸ್ಸು ಬಂದೆ. ಯಾಕವ್ವ ಬರಲಿಲ್ಲ ಅಂತ ಕೇಳಿದವರಿಗೆಲ್ಲ, ಹಳೇ ಆಸ್ಪತ್ರೆಯವರು ಕಾಗದ ಕೊಡೋದು ತಡ ಮಾಡಿದರು, ಅದಕ್ಕೇ ಕಾರ್ಡು ಮುಗಿದುಹೋಯಿತು ಅಂದೆ. ಈಗ ಹಳೇಕೋಟೆಯಲ್ಲಿ ಆ ಆಸ್ಪತ್ರೆಗೆ ಬಹಳ ಕೆಟ್ಟ ಹೆಸರು. ಅದರ ಮಾಲೀಕನ ಕೈಗೆ ಕರಿಹಾವು ಕಚ್ಚಲಿ ಅಂತ ಎದುರುಮನೆ ಅಜ್ಜಿ ಶಾಪ ಹಾಕಿದ್ದಾಳೆ. ಅವರೋ ಕೇಳಿದ ವಾರದಲ್ಲೇ ಪತ್ರ ಕೊಟ್ಟಿದ್ದರು. ಅವ್ವ ಮಾತ್ರ ಶಾಪ ಹಾಕಲಿಲ್ಲ. ಅಕ್ಕಿ ಕೇರುತ್ತಾ, "ಅವ್ರು ಕಾಗ್ದ ಕೊಡ್ಬೇಕಾಗಿದ್ದು ಯಾವ ತಿಂಗ್ಳಲ್ಲವ್ವ?" ಅಂತ ಕೇಳಿದಳು. ನೆನಪಿಲ್ಲ ಅಂದೆ. ಕೇರುವುದನ್ನು ಮುಂದುವರಿಸಿದಳು.

ಇವತ್ತು ಊಟ ಆದ ಮೇಲೆ ನಡೆದದ್ದನ್ನು ಹೇಳಬೇಕು. ಶನಿವಾರ ನಾನು ಡ್ಯೂಟಿಗೆ ಹಾಜರಾಗಬೇಕು, ಟಿಕೇಟು ನಾಳೆ ಶುಕ್ರವಾರಕ್ಕೇ ಸಿಕ್ಕಿದ್ದು. ಶುಕ್ರವಾರ ಮನೆಮಗಳನ್ನು ಹೊಸಿಲು ದಾಟಿಸುವವಳಲ್ಲ ನಿನ್ನ ಹೆಂಡತಿ. ನರ್ಸಿಂಗ್ ಓದೋಕೆ ಹಾಸನಕ್ಕೆ ಹೊರಟ ದಿನವೂ ಶುಕ್ರವಾರ ಬಿತ್ತು ಅಂತ ಗುರುವಾರವೇ ನನ್ನ ಚೀಲವನ್ನು ಪಕ್ಕದ ಮನೆಯಲ್ಲಿ ಇಡಿಸಿದ್ದಳು. ಚೀಲ ಮುಂಚೆ ಹೊರಟರೆ ಮನುಷ್ಯರೂ ಅವತ್ತೇ ಹೊರಟ ಹಾಗೆ ಅಂತ. ಅದನ್ನು ನೆನೆಸಿಕೊಂಡು, ಜಗಳ ಯಾಕೆ ಅಂತ ನಾನೇ ಕೇಳಿದೆ. "ಅವ್ವ, ಸೂಟ್‌ಕೇಸು ಇವತ್ತೇ ಪಕ್ಕದ ಮನೇಲಿ ಇಟ್ಟು ಬರ್ಲಾ?"

"ಬ್ಯಾಡ. ನಾಳೀಕೆ ಇಲ್ಲಿಂದ್ಲೇ ಒಂಡು."

"ನಾಳೆ ಶುಕ್ರವಾರ ಕಣವ್ವ."

"ಆಗ್ಲಿ. ಇನ್ಮ್ಯಾಕೆ ನಿಂಗೆ ನಾನು ದಿನ ಏಳಕ್ಕಿಲ್ಲ." ನನ್ನ ಮುಖ ನೋಡಲಿಲ್ಲ. ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಅಂದಳು: "ಒಂದ್ಸಲ ಏಳಿ, ನೀನು ನಿಮ್ಮಪ್ಪನ ಮಕ ನೋಡ್ದೇ ಇರಂಗೆ ಮಾಡ್ಬುಟ್ಟೆ."

ಅವಳಿಗೆ ಗೊತ್ತಿದೆ ಅಪ್ಪ. ಯಾರೂ ಹೇಳಿಲ್ಲ, ತಾನೇ ತಿಂಗಳು ಎಣಿಸಿಕೊಂಡಿದ್ದಾಳೆ. ನೀನು ಹೋದಾಗಿನಿಂದಲೂ ಅದನ್ನು ಒಬ್ಬಳೇ ಹೊತ್ತುಕೊಂಡು ಕೂತಿದ್ದಾಳೆ. ನಾನು ಆಗಲೇ ಬಾಯಿ ಬಿಡಬೇಕಾಗಿತ್ತು. ಬಿಡದೆ ಜಗಲಿಗೆ ಎದ್ದು ಬಂದೆ, ಕಾಗದ ಪೆನ್ನು ಹಿಡಿದೆ. ಧೈರ್ಯ ಸಾಲದೆ ಮೊದಲು ನಿನಗೆ ಹೇಳಿ ನೋಡಿದೆ ಅಂದುಕೊ.

ಈಗ ಒಳಗೆ ಹೋಗುತ್ತೀನಿ. ನೀನು ಆಷಾಢ ಅಂದದ್ದು ನಿಜ, ಆದರೆ ಕಾಯೋಕೆ ನನಗೇ ಬೇಕಾಗಿತ್ತು ಅವ್ವ ಅಂತ ಹೇಳುತ್ತೀನಿ. ಕಾರ್ಡಿನ ತಾರೀಖು ನೋಡದವಳು ನಾನು. ರಿಪೋರ್ಟು ಓದಿ ಗೊತ್ತಿದ್ದೂ ಬರದವಳು ನಾನು. ಬರುವ ದಾರಿ ಕೊನೇ ದಿನದವರೆಗೂ ತೆರೆದೇ ಇತ್ತು, ಅಪ್ಪನಿಗಿಂತ ಕೆಲಸ ಇರಲಿ ಅಂದುಕೊಂಡವಳು ನಾನು. ಇಷ್ಟನ್ನೂ ಒಂದೂ ಬಿಡದೆ ಹೇಳುತ್ತೀನಿ, ಮಾತು ಕೊಡುತ್ತಿದ್ದೀನಿ. ಅವಳು ಬೈಯಬಹುದು. ಬಸ್ಸು ಹತ್ತುವವರೆಗೂ ಮಾತು ಬಿಡಬಹುದು. ಬಿಡಲಿ. ನಾಳೆ ನಾನು ಹೊರಟ ಮೇಲೆ ಈ ಮನೆಯಲ್ಲಿ ಅವಳು ನನ್ನ ಮೇಲೆ ಸಿಟ್ಟು ಮಾಡಿಕೊಂಡು ಕೂರಲಿ ಅಪ್ಪ, ತನ್ನ ಮೇಲೆ ಬೇಡ.

ನಿನ್ನ ಮಗಳು,
ಸುಮ