ಮೇಜಿನ ಎಡಭಾಗ

ಪ್ರೀತಿಯ ಅತ್ತೆ,

ನೀವು ಹೊಲಿದಿಟ್ಟ ಯೂನಿಫಾರ್ಮಿನ ಗಂಟು ಹೊತ್ತು ಶಾಲೆಯ ಕಡೆ ಹೊರಟ ಕೂಡಲೇ ಇದನ್ನು ಬರೆಯಲು ಕೂತಿದ್ದೇನೆ. ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯೋದಾ ಎಂದು ನಗಬೇಡಿ. ಹಾಸ್ಟೆಲ್ ಶಾಲೆಯಲ್ಲಿ ಹನ್ನೆರಡು ವರ್ಷ ಭಾನುವಾರಕ್ಕೊಂದು ಪತ್ರ ಬರೆದವಳು ನಾನು. ಎದುರಿಗೆ ನಿಂತರೆ ಬಾಯಿ ಕಟ್ಟುತ್ತದೆ, ಪೆನ್ನು ಹಿಡಿದರೆ ನಿಲ್ಲುವುದಿಲ್ಲ. ಈಗಂತೂ ಅವಸರದಲ್ಲಿ ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ಅಡ್ಜಸ್ಟ್ ಮಾಡಿಕೊಳ್ಳಿ, ಪ್ಲೀಸ್. ಹನ್ನೊಂದಕ್ಕೆ ಕಂಪ್ಯೂಟರ್ ಅಂಗಡಿ ತೆರೆಯುತ್ತದೆ. ಅಷ್ಟರೊಳಗೆ ನೀವಿದನ್ನು ಓದಲೇಬೇಕು.

ಶನಿವಾರ ಆ ಅಂಗಡಿಯಲ್ಲಿ ನಾನು ಮಾಡಿದ ರಂಪ ನೆನಪಿದೆಯಲ್ಲ? ಅಂಗಡಿಯವರು ಪಾಪ, ತಾಳ್ಮೆಯಿಂದ, “ಮೊದ್ಲು ಕೆಲ್ಸ ಏನೂಂತ ಹೇಳಮ್ಮ, ಆಮೇಲೆ ಮಷೀನ್ ನೋಡೋಣ” ಎಂದರು. ಆರ್ಕಿಟೆಕ್ಚರ್, ಮೊದಲ ವರ್ಷ ಎಂದೆ. “ಹಾಗಾದ್ರೆ ಡೆಸ್ಕ್‌ಟಾಪೇ ಸರಿ. ನಕ್ಷೆ ಬಿಡಿಸೋಕೆ ದೊಡ್ಡ ಸ್ಕ್ರೀನ್ ಬೇಕು. ಎರಡು ವರ್ಷ ಬಿಟ್ಟು ಮೆಮೊರಿ ಸಾಲ್ದೇ ಹೋದ್ರೆ ಬಿಚ್ಚಿ ಹಾಕ್ಕೋಬಹುದು. ಇದೇ ಶಕ್ತಿ ಲ್ಯಾಪ್‌ಟಾಪಲ್ಲಿ ಬೇಕಂದ್ರೆ ಬೆಲೇನೂ ಏರುತ್ತೆ, ಬಿಸೀನೂ ಏರುತ್ತೆ” ಎಂದು ಬಿಡಿಸಿ ಹೇಳಿದರು. ನೀವು ಪಟ್ಟನೆ, “ನಮ್ಮ ಹೊಲಿಗೆ ಮಷೀನ್ ಕಥೇನೇ ಬಿಡಿ. ಕೈಲಿ ಎತ್ಕೊಂಡು ಹೋಗೋದ್ರಲ್ಲಿ ಫಾಲ್ಸು ಹೊಲೀಬಹುದು, ಕೋಟು ಹೊಲಿಯೋಕೆ ಕಾಲ್ ಮಷೀನೇ ಆಗ್ಬೇಕು” ಎಂದಿರಿ. ಐದು ವರ್ಷ ಬಾಳುವಂಥದ್ದು ತಗೋ ಎಂದು ಅಪ್ಪನೂ ಹೇಳಿದ್ದರು. ನಾನು ಮಾತ್ರ ಯಾರ ಮಾತೂ ಕಿವಿಗೆ ಹಾಕಿಕೊಳ್ಳದೆ, ಎಲ್ಲಕ್ಕಿಂತ ತೆಳ್ಳಗಿನ ಲ್ಯಾಪ್‌ಟಾಪನ್ನು ಅಂಗೈ ಮೇಲಿಟ್ಟು ತೂಗುತ್ತಿದ್ದೆ.

“ಇದೇ ಯಾಕೆ?” ಎಂದಿರಿ.

“ಎತ್ಕೊಂಡು ಹೋಗೋಕೆ.”

“ಎಲ್ಲಿಗೆ?”

ನಾನು ಅಂಗಡಿಯವರ ಕಡೆ ತಿರುಗಿದೆ. ಲ್ಯಾಪ್‌ಟಾಪನ್ನು ಇವತ್ತಿನವರೆಗೆ ತೆಗೆದಿಡಲು ಹೇಳಿ ಹೊರಗೆ ಬಂದೆವು. ಬೇರೆಯವರು ಹೊಲಿದ ಕಾಲರುಗಳನ್ನು ಆಡಿಕೊಳ್ಳದೆ ನೀವು ಆ ರಸ್ತೆ ದಾಟಿದ್ದು ಅದೇ ಮೊದಲು.

ಎಲ್ಲಿಗೆ ಅಂದರೆ, ಕಾಲೇಜಿನ ಹಾಸ್ಟೆಲ್ಲಿಗೆ, ಅತ್ತೆ. ಸೀಟು ಸಿಕ್ಕಿದೆ. ಚೀಟಿ ಬಂದು ವಾರವಾಯಿತು, ಡ್ರಾಯಿಂಗ್ ಹಾಳೆಗಳ ನಡುವೆ ಬಚ್ಚಿಟ್ಟಿದ್ದೇನೆ. ಬರ್ತೀನೋ ಇಲ್ಲವೋ ಎಂದು ಇವತ್ತೇ ತಿಳಿಸಬೇಕು. ಬಚ್ಚಿಟ್ಟಿದ್ದು ಹೋಗುವ ಆಸೆಯಿಂದ ಅಲ್ಲ, ನಿಜವಾಗಿ. “ಹಾಸ್ಟೆಲ್ ಸಿಗೋ ತನಕ ಇಟ್ಕೋ ಅಕ್ಕಾ” ಎಂದು ಅಪ್ಪ ಫೋನಿನಲ್ಲಿ ನಿಮಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಸಿಕ್ಕಿದ ಮೇಲೂ ಉಳಿಯಲೇ ಎಂದು ಕೇಳುವುದು ಹೇಗೆ? ಆರನೇ ವಯಸ್ಸಿನಿಂದ ನನ್ನದು ಎನ್ನುವುದೆಲ್ಲ ಮಂಚದ ಕೆಳಗಿನ ಟ್ರಂಕಿನಲ್ಲಿ ಹಿಡಿಸಬೇಕಿತ್ತು. ಹಿಡಿಸದಿದ್ದರೆ ಅದು ನನ್ನದಲ್ಲ, ಅಷ್ಟೇ. ಬಂದ ಮರುದಿನವೇ, ಒಂದು ಲಂಗವನ್ನೂ ಬೀರುವಿಗೆ ಏರಿಸದೆ ಟ್ರಂಕಿನಿಂದಲೇ ತೆಗೆದು ಅದಕ್ಕೇ ತುಂಬುವುದನ್ನು ನೋಡಿ ನೀವು ನನಗೆ ‘ಟ್ರಂಕು’ ಎಂದು ಹೆಸರಿಟ್ಟಿರಿ. ಎರಡು ತಿಂಗಳಾದರೂ ಆ ಅಭ್ಯಾಸ ಬಿಟ್ಟಿಲ್ಲ. ಲ್ಯಾಪ್‌ಟಾಪ್ ಟ್ರಂಕಿನಲ್ಲಿ ಹಿಡಿಸುತ್ತದೆ. ಡೆಸ್ಕ್‌ಟಾಪಿಗೆ ಒಂದು ಮೇಜು ಬೇಕು, ನಾಳೆಯೂ ನಾಡಿದ್ದೂ ಅಲ್ಲೇ ಇರುತ್ತೇನೆ ಎನ್ನುವ ಧೈರ್ಯ ಬೇಕು. ಅಂಗಡಿಯಲ್ಲಿ ನಾನು ತೂಗುತ್ತಿದ್ದದ್ದು ಅದನ್ನೇ.

ಈಗ ಕೇಳಿ. ನೀವು ಹೋದ ಮೇಲೆ ಎಂದಿನಂತೆ ನಿಮ್ಮ ಕತ್ತರಿಸುವ ಮೇಜು ಒರೆಸಲು ಹೋದೆ. ಆರ್ಡರ್ ಪುಸ್ತಕ ಜಾರಿ ಬಿತ್ತು. ಎತ್ತಿಕೊಂಡಾಗ ಕಣ್ಣಿಗೆ ಬಿದ್ದ ಪುಟದಲ್ಲಿ, ಮೂಲೆಮನೆ ಮೇಷ್ಟ್ರ ಪ್ಯಾಂಟಿಗೂ ನರ್ಸಮ್ಮನ ಕೋಟಿಗೂ ನಡುವೆ, ನಿಮ್ಮ ದುಂಡು ಅಕ್ಷರದಲ್ಲಿ:

‘ಟ್ರಂಕು. ಕಂಪ್ಯೂಟರು. ಮೇಜಿನ ಎಡಭಾಗ, ಅಗಲ ಮೂವತ್ತು ಇಂಚು. ಪ್ಲಗ್ಗು ಕಿಟಕಿ ಪಕ್ಕ. ಕೂತಾಗ ಮೊಣಕೈ ಒಂಬತ್ತು. ಕುರ್ಚಿಗೆ ಎರಡಿಂಚು ಮೆತ್ತೆ.’

ತಾರೀಖು ನೋಡಿದೆ. ನಾನು ಬಂದ ಮೂರನೇ ದಿನ!

ಅತ್ತೆ! ಅವತ್ತು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, “ಕೈ ಮಡಚು, ಗೂನು ಬೆನ್ನು ನೆಟ್ಟಗೆ ಮಾಡು” ಎಂದು ಟೇಪು ಹಿಡಿದಿರಲ್ಲ, ನಾನು ಹೊಸ ಅಂಗಿ ಎಂದುಕೊಂಡು ತಿಂಗಳಿಡೀ ಕಾದೆ! ಮೇಜಿನ ಎಡಗಡೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದಿದ್ದಿರಿ. ಶಾಲೆಯಲ್ಲಿ ಮೇಜಿನ ಮೇಲೆ ಗೀಟು ಕಂಡರೆ ಬಿಸಿಲಲ್ಲಿ ನಿಲ್ಲಿಸುತ್ತಿದ್ದರು, ಆ ಹೆದರಿಕೆಗೆ ಒದ್ದೆಬಟ್ಟೆಯಲ್ಲಿ ಒರೆಸಿಬಿಟ್ಟೆ. “ಅಯ್ಯೋ ಶುಚಿ ಮಹಾರಾಯ್ತಿ, ಅದನ್ನೂ ಬಿಡ್ಲಿಲ್ವಾ!” ಎಂದು ನಕ್ಕು ಮತ್ತೆ ಬರೆದಿರಿ. ಮತ್ತೆ ಒರೆಸಿದೆ. ನೀವು ನನಗೆ ಕೊಟ್ಟ ಜಾಗವನ್ನು ನಾನೇ ಎರಡು ಸಲ ಒರೆಸಿ ಹಾಕಿದೆ, ಏನೆಂದು ಒಂದು ಮಾತು ಕೇಳಲಿಲ್ಲ. ನೀವೂ ಹೇಳಲಿಲ್ಲ. ನಾವಿಬ್ಬರೂ ಸೇರಿದರೆ ಊರಿಗೆಲ್ಲ ಬಾಯಿ, ಮನೆಯೊಳಗೆ ಮೂಗರು.

ಆ ಪುಟದ ಕೊನೆಯ ಸಾಲನ್ನು ನಾನು ಹತ್ತು ಸಲವಾದರೂ ಓದಿದ್ದೇನೆ. ಎಲ್ಲ ಗಿರಾಕಿಗಳಿಗೂ ‘ಕೊಡುವ ದಿನ’ ಎಂದು ತಾರೀಖು ಹಾಕುತ್ತೀರಿ, ಒಂದು ದಿನ ತಪ್ಪಿಸುವುದಿಲ್ಲ. ನನ್ನದರ ಮುಂದೆ ಮಾತ್ರ, ‘ಅವಳು ಹೇಳಿದಾಗ’.

ಹೇಳುತ್ತಿದ್ದೇನೆ. ನನಗೆ ದೊಡ್ಡ ಸ್ಕ್ರೀನಿನ, ಭಾರದ, ಒಬ್ಬರೇ ಎತ್ತಲಾಗದ ಡೆಸ್ಕ್‌ಟಾಪೇ ಬೇಕು. ಕಾಲೇಜಿನಲ್ಲಿ ಲ್ಯಾಬ್ ಇದೆ, ಪೆನ್‌ಡ್ರೈವ್ ಜೇಬಿನಲ್ಲಿದ್ದರೆ ಸಾಕು. ಹಾಸ್ಟೆಲ್ಲಿಗೆ ‘ಬರುವುದಿಲ್ಲ’ ಎಂದು ಬರೆದಾಯಿತು, ಲಕೋಟೆ ಅಂಟಿಸಿಯೂ ಆಯಿತು. ಎಡಭಾಗದಲ್ಲಿದ್ದ ಚೂರುಬಟ್ಟೆಗಳನ್ನು ಎಲ್ಲಿಡುವುದು ಎಂದು ಯೋಚಿಸಬೇಡಿ. ನನ್ನ ಬಟ್ಟೆಗಳನ್ನು ಬೀರುವಿಗೆ ಏರಿಸಿ ಟ್ರಂಕು ಖಾಲಿ ಮಾಡಿದೆ, ಚೂರುಗಳನ್ನೆಲ್ಲ ಅದರಲ್ಲಿ ಮಡಚಿಟ್ಟಿದ್ದೇನೆ. ಮೇಜನ್ನು ಒರೆಸಿಲ್ಲ!

ಚಪ್ಪಲಿ ಬಿಚ್ಚುವ ಮೊದಲೇ ಇದನ್ನು ಓದಿ, ಹಾಗೇ ಹೊರಡೋಣ. ಟೇಪು ಮರೆಯಬೇಡಿ.

ನಿಮ್ಮ ಕತ್ತರಿ ಎಂದೂ ಮೊಂಡಾಗದಿರಲಿ, ನಿಮ್ಮ ಸೂಜಿಗೆ ದಾರ ಮೊದಲ ಸಲಕ್ಕೇ ಪೋಣಿಸಿಕೊಳ್ಳಲಿ.

ಕೊಡುವ ದಿನ: ಇವತ್ತು.

ನಿಮ್ಮ
ಟ್ರಂಕು