ಲಕೋಟೆಯಿಲ್ಲದ ಹಾಳೆ

ಲುಗೊ,
೧೨ ಮಾರ್ಚ್ ೨೦೨೨, ಶನಿವಾರ ಬೆಳಿಗ್ಗೆ

ಮಗಳೇ ಲೇನಾ,

ಅಕ್ಷರ ಗುರುತು ಹಿಡಿದ ಕೂಡಲೇ ಹರಿದು ಹಾಕಬೇಡ. ಮೊದಲು ಓದು, ಆಮೇಲೆ ಬೇಕಾದರೆ ಹರಿ. ನಿನ್ನ ಸಿಟ್ಟು ನನ್ನಿಂದಲೇ ಬಂದದ್ದು, ಅದರ ಉದ್ದಗಲ ನನಗೆ ಚೆನ್ನಾಗಿ ಗೊತ್ತು. ಆದರೆ ಸುದ್ದಿ ಅಂಥದ್ದು, ಬರೆಯದೆ ಇರಲಾರೆ. ನಾವು ಗೆದ್ದೆವು.

ಮೊನ್ನೆ ಗುರುವಾರ ತೀರ್ಪು ಬಂತು. 'ಜೇನುಗೂಡು' ಕ್ರಿಪ್ಟೊ ವಿನಿಮಯ ಕೇಂದ್ರ ಮುಳುಗಿದ್ದು ಬರೀ ಕಳ್ಳರಿಂದಲ್ಲ, ನಾಣ್ಯಗಳು ಸೋರಿಹೋಗುತ್ತಿವೆ ಎಂದು ಗೊತ್ತಿದ್ದೂ ಮಾಲೀಕ ಜಾನ್‌ಮಾರಿಯಾ ಬಾಗಿಲು ತೆರೆದಿಟ್ಟುಕೊಂಡು ಜನರ ದುಡ್ಡು ತೆಗೆದುಕೊಳ್ಳುತ್ತಲೇ ಇದ್ದ ಎಂದು ನ್ಯಾಯಾಧೀಶೆ ಓದಿ ಹೇಳಿದರು. ಗುಡ್ಡದ ಮೇಲಿನ ಅವನ ಮನೆ, ಎರಡು ಕಾರು, ಬೇರೆಯವರ ಹೆಸರಿನಲ್ಲಿ ಬಚ್ಚಿಟ್ಟಿದ್ದ ನಾಣ್ಯ, ಎಲ್ಲವೂ ಗ್ರಾಹಕರ ಪಾಲು. ನಿನ್ನ ನಲವತ್ತು ಸಾವಿರ ಯೂರೊದಲ್ಲಿ ಮೂವತ್ತಾರು ಸಾವಿರ ವಾಪಸು ಬರುತ್ತದೆ.

ನಿನಗೆ ಮೊದಲು ನೆನಪಾಗುವುದು ಆ ಈಸ್ಟರ್ ಊಟ ಎಂದು ಗೊತ್ತು. ಅಪ್ಪ ನಿನಗೆಂದೇ ಬಿಟ್ಟುಹೋದ ದುಡ್ಡು ಅದು. ಆ ದಂತಪಂಕ್ತಿ ಮಾಡುವ ಕಾರ್ಯಾಗಾರದಲ್ಲಿ ಪಾಲು ಕೊಂಡುಕೊಳ್ಳಲು ನೀನು ಕಾಯುತ್ತಿದ್ದೆ. ಅದನ್ನು ನಾನು ಜೇನುಗೂಡಿಗೆ ಹಾಕಿದೆ, ಅದು ಮುಳುಗಿತು. ಮುಳುಗುವ ಮೊದಲೇ ಯಾಕೆ ತೆಗೆಯಲಿಲ್ಲ ಎಂದು ಊಟದ ಮೇಜಿನಲ್ಲಿ ಇಯೋಲೆ ಚಿಕ್ಕಮ್ಮ ಎಲ್ಲರ ಎದುರು ಕೇಳಿದಾಗ ನಾನು, "ಲೇನಾನೇ ಹೇಳಿದ್ಲು, ಇರ್ಲಿ ಬಿಡಮ್ಮ, ಬೆಲೆ ಏರ್ಲಿ ಅಂತ" ಎಂದೆ. ನೀನು ಕಪ್ಪೆಲೆತ್ತಿ ಕಡುಬು ತುಂಬಿದ ತಟ್ಟೆಯನ್ನು ಹಾಗೇ ಬಿಟ್ಟು ಎದ್ದು ಹೋದೆ. ಮೂರು ವರ್ಷವಾಯಿತು, ತ್ರಿಯೆಸ್ತೆಯಿಂದ ಒಂದು ಫೋನೂ ಇಲ್ಲ. ಇವತ್ತಿಗೂ ನೀನು ಅದೇ ಕಾರ್ಯಾಗಾರದಲ್ಲಿ ಇನ್ನೊಬ್ಬರ ಕೈಕೆಳಗೆ ದುಡಿಯುತ್ತಿದ್ದೀಯ ಎಂದು ಇಯೋಲೆ ಹೇಳುತ್ತಿರುತ್ತಾಳೆ. ಅಂದು ಯಾರು ಏನು ಹೇಳಿದ್ದರು ಎನ್ನುವ ವಿಷಯಕ್ಕೆ ನಾನೀಗ ಬರುವುದಿಲ್ಲ. ಗೆದ್ದ ಕತೆ ಕೇಳು.

ಜಾನ್‌ಮಾರಿಯಾ ಗೊತ್ತಲ್ಲ, ಔಷಧಿ ಅಂಗಡಿಯವರ ಮೊಮ್ಮಗ. ಕಾಲೇಜಿಗೆ ಹೋಗುವಾಗ ಪರೀಕ್ಷಾ ಶುಲ್ಕ ಕಟ್ಟಲು ನನ್ನ ಅಂಚೆ ಕಿಟಕಿಗೇ ಬರುತ್ತಿದ್ದ. ಬಾರಿನಲ್ಲಿ ನಾವು ಇಸ್ಪೀಟು ಆಡುವ ಮೇಜಿಗೆ ಬಂದು ಕೂತು, "ಬ್ಯಾಂಕಲ್ಲಿ ಇಟ್ರೆ ದುಡ್ಡು ನಿದ್ದೆ ಮಾಡತ್ತೆ ನಿವೆಸಕ್ಕ, ನನ್ ಹತ್ರ ಇಟ್ರೆ ಕೆಲ್ಸ ಮಾಡತ್ತೆ" ಎಂದ. ನಮ್ಮ ಊರಿನ ಹುಡುಗ, ನಮ್ಮ ಊರಿನ ಮಾತು. ಒಬ್ಬರನ್ನು ನೋಡಿ ಒಬ್ಬರು ಅಂತ ಹದಿನೇಳು ಜನ ಸೇರಿದೆವು. ಎಲ್ಲರಿಗಿಂತ ಮೊದಲು ಸೇರಿದವಳು ನಾನು. ಅದನ್ನು ಮುಚ್ಚಿಡುವುದಿಲ್ಲ, ಇಡೀ ಊರಿಗೇ ಗೊತ್ತು.

ಆದರೆ ಮೂವತ್ತನಾಲ್ಕು ವರ್ಷ ಅಂಚೆ ಕಿಟಕಿಯ ಹಿಂದೆ ಕೂತವಳು ನಾನು. ಕಾಗದವಿಲ್ಲದ ದುಡ್ಡನ್ನು ಹೇಗೆ ನಂಬಲಿ? ಗದ್ದೆ ಗುತ್ತಿಗೆಗೆ ಕೊಡುವವರು, ಮನೆ ಕಟ್ಟಿಸುವವರು, ಜಗಳವಾಡಿಕೊಂಡ ಅಣ್ಣತಮ್ಮಂದಿರು ತಮ್ಮ ಕರಾರಿನ ದಿನಕ್ಕೆ ಸಾಕ್ಷಿ ಬೇಕೆಂದು ನನ್ನ ಹತ್ತಿರ ಬಂದು ಮಾಡುತ್ತಿದ್ದ ಕೆಲಸವನ್ನೇ ಇವರಿಂದಲೂ ಮಾಡಿಸಿದೆ. ಪ್ರತಿ ತಿಂಗಳ ಕೊನೆಗೆ ಎಲ್ಲರೂ ಫೋನಿನಲ್ಲಿ ಕಾಣುವ ಜೇನುಗೂಡಿನ ಪುಟವನ್ನು ಅಚ್ಚು ಹಾಕಿಸಬೇಕು. ಹಾಳೆಯನ್ನು ಮೂರು ಮಡಿಕೆ ಮಾಡಿ, ಅಂಚಿಗೆ ಅಂಟು ಹಚ್ಚಿ, ಹೊರಗಡೆ ತಮ್ಮದೇ ವಿಳಾಸ ಬರೆದು, ರಿಜಿಸ್ಟರ್ ಅಂಚೆಯಲ್ಲಿ ತಮಗೆ ತಾವೇ ಕಳಿಸಿಕೊಳ್ಳಬೇಕು. ಬಂದದ್ದನ್ನು ಒಡೆಯದೆ ಎತ್ತಿಡಬೇಕು. ಲಕೋಟೆ ಮಾತ್ರ ಕೂಡದು. ಲಕೋಟೆಯ ಮೇಲೆ ಬಿದ್ದ ಮುದ್ರೆ ಲಕೋಟೆಯ ದಿನವನ್ನಷ್ಟೇ ಹೇಳುತ್ತದೆ, ಹಾಳೆಯ ಮೇಲೆ ಬಿದ್ದ ಮುದ್ರೆ ಹಾಳೆಯ ದಿನವನ್ನು ಹೇಳುತ್ತದೆ.

ಎಷ್ಟು ನಕ್ಕರು ಅಂತೀಯ. ಗಾರೆ ಕೆಲಸದ ಅಲ್ವಾರೊ ಅಂಚೆ ಕಚೇರಿಯ ಸಾಲಿನಲ್ಲಿ ನಿಂತು, "ಗಾಳೀಲಿರೋ ನಾಣ್ಯಕ್ಕೆ ಅಂಟು ಹಚ್ಚಿಸ್ತಿದ್ದಾಳೆ ಕಣ್ರೋ ಇವ್ಳು. ನಾಳೆ ಹೆಂಡ್ತೀಗೂ ಮುದ್ರೆ ಹಾಕಿಸ್ಕೊಂಡು ಬಾ ಅಂತಾಳೆ" ಎಂದ. "ನಿನ್ ಹೆಂಡ್ತಿ ಒಪ್ಪಿದ್ರೆ ನಾನೇ ಹಾಕ್ತೀನಿ, ಸಾಲಲ್ಲಿ ಸರಿಯಾಗಿ ನಿಂತ್ಕೊ" ಎಂದೆ. ಬೈದುಕೊಂಡೇ ಎಲ್ಲರೂ ಕಳಿಸಿದರು. ನಾನೂ ಅವರ ಜೊತೆಯಲ್ಲೇ ನಿಂತು, ಒಂದು ತಿಂಗಳೂ ತಪ್ಪದೆ ನನ್ನದನ್ನು ಕಳಿಸಿದೆ.

ಎರಡು ಸಾವಿರದ ಹತ್ತೊಂಬತ್ತರ ಫೆಬ್ರವರಿ ಎಂಟರಂದು ಫೋನಿನಲ್ಲಿ ಜೇನುಗೂಡಿನ ಪುಟ ಬರೀ ಬಿಳಿಯಾಯಿತು. ಕಳ್ಳರು ಒಂದೇ ದಿನದಲ್ಲಿ ತಿಜೋರಿ ದೋಚಿದರು, ದಾಖಲೆಗಳೂ ಅಳಿಸಿಹೋದವು ಎಂದು ಜಾನ್‌ಮಾರಿಯಾ ಕೈ ಎತ್ತಿದ. ಅಲ್ವಾರೊನ ಮೊಣಕಾಲಿನ ಶಸ್ತ್ರಚಿಕಿತ್ಸೆಯ ದುಡ್ಡು ಹೋಯಿತು. ಹೂವಿನಂಗಡಿಯ ಗಂಡಹೆಂಡಿರು ಮೇಲಿನ ಮನೆ ಮಾರಿದರು. ಬಾರಿನಲ್ಲಿ ನಮ್ಮ ಮೇಜು ಆರು ತಿಂಗಳು ಖಾಲಿ ಬಿತ್ತು. ನಾನು ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುವುದನ್ನು ಕಲಿತದ್ದು ಆಗ, ಅರವತ್ತಾರನೆಯ ವಯಸ್ಸಿನಲ್ಲಿ.

ವಕೀಲೆ ಸಿಕ್ಕಿದ್ದು ನಮ್ಮ ಪುಣ್ಯ. ಹೆಸರು ಬೆನೆದೆತ್ತಾ, ನಿನಗಿಂತ ಚಿಕ್ಕವಳು, ಸೈಕಲ್ಲಿನಲ್ಲಿ ಓಡಾಡುತ್ತಾಳೆ. ಬೇರೆ ಊರಿನ ಗ್ರಾಹಕರು ಅವಳ ಮೇಜಿನ ಮೇಲೆ ಫೋನಿನ ಪರದೆಯ ಚಿತ್ರಗಳನ್ನು ರಾಶಿ ಹಾಕಿದರು. ನಾವು ಹದಿನೇಳು ಜನ ಒಡೆಯದ ಹಾಳೆಗಳನ್ನು ತುಂಬಿದ ಬಿಸ್ಕತ್ತಿನ ಡಬ್ಬಿಗಳನ್ನು ಇಟ್ಟೆವು. ಮುಚ್ಚಳ ತೆಗೆದು ನೋಡಿ ಆ ಹುಡುಗಿ ಕುರ್ಚಿಯಲ್ಲಿ ಕೂತುಬಿಟ್ಟಳು. "ಇದನ್ನ ಮಾಡಿಸಿದ್ದು ಯಾರು?" ಎಂದಳು. ಅಲ್ವಾರೊ ನನ್ನ ಕಡೆ ಬೆರಳು ತೋರಿಸಿ, "ಇವ್ಳೇ ಮೇಡಂ, ನಮ್ಮನ್ನ ಮುಳುಗಿಸಿದ್ದೂ ಇವ್ಳೇ" ಎಂದ.

ಜನವರಿಯ ವಿಚಾರಣೆಯ ದಿನ ಜಾನ್‌ಮಾರಿಯಾನ ವಕೀಲ ಎದ್ದ. ಮಿಲಾನಿನವನು, ಬೂಟಿನಲ್ಲಿ ಮುಖ ನೋಡಿಕೊಳ್ಳಬಹುದು. ಫೋನಿನ ಚಿತ್ರವನ್ನು ಯಾರು ಬೇಕಾದರೂ ತಿದ್ದಬಹುದು ಎಂದ. ಅದು ಸರಿಯೇ. ಆಮೇಲೆ ನಮ್ಮ ಡಬ್ಬಿಗಳ ಕಡೆ ತಿರುಗಿ, "ಖಾಲಿ ಲಕೋಟೆ ಪೋಸ್ಟ್ ಮಾಡಿ, ಆಮೇಲೆ ಬೇಕಾದ್ದನ್ನ ಒಳಗೆ ತುರುಕೋದು ಹಳೇ ಆಟ" ಎಂದು ನಕ್ಕ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಯಾವ ಲಕೋಟೆ? ಇದ್ರಲ್ಲಿ ಒಂದೇ ಒಂದು ಲಕೋಟೆ ಹುಡುಕಿಕೊಡಿ, ನಾನು ಈಗ್ಲೇ ಮನೆಗೆ ಹೋಗ್ತೀನಿ" ಎಂದೆ. ನ್ಯಾಯಾಧೀಶೆ ನನ್ನನ್ನು ಗದರಿಸಿ ಕೂರಿಸಿದರು. ಕೂರಿಸಿದ ಮೇಲೆ ತಾವೇ ಒಂದು ಹಾಳೆ ಎತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಮುದ್ರೆಯ ಶಾಯಿ ಮಡಿಕೆಯನ್ನು ದಾಟಿ ಹೋಗಿದೆಯೇ ಎಂದು ಬೆಳಕಿಗೆ ಹಿಡಿದರು. ದಾಟಿತ್ತು, ಅಂದರೆ ಮುದ್ರೆ ಬಿದ್ದದ್ದು ಮಡಿಚಿ ಅಂಟಿಸಿದ ಹಾಳೆಯ ಮೇಲೆಯೇ. ವಕೀಲ ತನ್ನ ಕಾಗದಗಳನ್ನು ಜೋಡಿಸತೊಡಗಿದ, ಜೋಡಿಸುತ್ತಲೇ ಇದ್ದ.

ನಿಜ ಹೇಳಬೇಕೆಂದರೆ ಒಂದು ಲಕೋಟೆ ಇತ್ತು. ಮಡಿಚಿದ ಹಾಳೆ ಭಿಕ್ಷುಕರ ಕಾಗದದ ಹಾಗೆ ಕಾಣುತ್ತದೆ ಎಂದು ಅಲ್ವಾರೊ ಕ್ರಿಸ್‌ಮಸ್ ತಿಂಗಳಿನದನ್ನು ಬಂಗಾರದ ಅಂಚಿನ ಲಕೋಟೆಯಲ್ಲಿ ಕಳಿಸಿದ್ದ. ಅದನ್ನು ಬೆನೆದೆತ್ತಾ ಮೊದಲೇ ತೆಗೆದಿಟ್ಟಿದ್ದಳು. ದೇವರು ಅವಳನ್ನು ಚೆನ್ನಾಗಿಟ್ಟಿರಲಿ.

ಹಾಳೆಗಳಿಂದ ನಮ್ಮ ದುಡ್ಡು ಅಲ್ಲಿತ್ತು ಎಂದು ಸಾಬೀತಾಯಿತು. ಆದರೆ ಅಷ್ಟು ಸಾಲದು. ಮುಳುಗಿದ ಕೇಂದ್ರದಲ್ಲಿ ಹಂಚಲು ಕುರ್ಚಿ ಮೇಜು ಬಿಟ್ಟು ಏನೂ ಉಳಿದಿರಲಿಲ್ಲ. ಫೆಬ್ರವರಿಗಿಂತ ಮೊದಲೇ ಅವನಿಗೆ ಗೊತ್ತಿತ್ತು ಎಂದು ತೋರಿಸಿದರೆ ಮಾತ್ರ ಅವನ ಸ್ವಂತ ಆಸ್ತಿಗೆ ಕೈ ಹಾಕಬಹುದಿತ್ತು. "ಫೆಬ್ರವರಿಗಿಂತ ಮುಂಚೆ ಯಾರಾದ್ರೂ ದುಡ್ಡು ವಾಪಸ್ ಕೇಳಿದ್ರಾ? ಅವನು ಏನಾದ್ರೂ ಉತ್ತರ ಕೊಟ್ಟಿದ್ನಾ?" ಎಂದು ಬೆನೆದೆತ್ತಾ ಮೂರು ವರ್ಷ ಕೇಳಿದಳು. ಎಲ್ಲರೂ ತಲೆ ಅಲ್ಲಾಡಿಸಿದರು. ನಮ್ಮಲ್ಲಿ ಒಬ್ಬರು ಮಾತ್ರ ಸುಳ್ಳು ತಲೆ ಅಲ್ಲಾಡಿಸಿದ್ದರು. ಅವರ ಅಕ್ಟೋಬರ್ ಹಾಳೆ ಡಬ್ಬಿಗೆ ಸೇರದೆ, ಅಂಟು ಬಿಡಿಸದೆ, ಮನೆಯ ಹಿಟ್ಟಿನ ಬೀರುವಿನಲ್ಲಿ ಕೂತಿತ್ತು. ಒಡೆದರೆ ಕೇಸು ಗೆಲ್ಲುತ್ತದೆ, ಆದರೆ ಅವರ ಮಾನ ಊರ ಮುಂದೆ ಹೋಗುತ್ತದೆ. ಕೊನೆಯ ವಿಚಾರಣೆಯ ದಿನ ಅವರು ಅದನ್ನು ಕೈಚೀಲದಲ್ಲಿ ತಂದು ನ್ಯಾಯಾಧೀಶೆಯ ಮುಂದೆ ಇಟ್ಟರು. ಅದರಲ್ಲಿ ಅಚ್ಚಾದ ಪುಟದಲ್ಲಿ, ದುಡ್ಡು ವಾಪಸು ಕೇಳಿದ್ದಕ್ಕೆ ಜಾನ್‌ಮಾರಿಯಾ ತನ್ನ ಹೆಸರು ಹಾಕಿ ಕೊಟ್ಟ ಉತ್ತರವಿತ್ತು: "ತಿಜೋರಿಯಲ್ಲಿ ನಾಣ್ಯ ಕಡಿಮೆ ಬಿದ್ದಿದೆ. ಸರಿಹೋಗುತ್ತದೆ. ದಯವಿಟ್ಟು ಯಾರಿಗೂ ಹೇಳಬೇಡಿ." ಮೇಲೆ ಅಂಚೆ ಮುದ್ರೆ, ೩೧ ಅಕ್ಟೋಬರ್ ೨೦೧೮. ಜಾನ್‌ಮಾರಿಯಾ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡ. ಕೇಸು ಅಲ್ಲೇ ಮುಗಿಯಿತು.

ತೀರ್ಪಿನ ದಿನ ಮೆಟ್ಟಿಲಿಳಿದು ಬರುವಾಗ ಹೂವಿನಂಗಡಿಯವಳು ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ಬೇರೆ ಊರಿನ ಮುನ್ನೂರು ಗ್ರಾಹಕರಿಗೂ ಇದೇ ತೀರ್ಪಿನಿಂದ ಪಾಲು ಸಿಗುತ್ತದೆ. ಅವರಲ್ಲಿ ಒಬ್ಬ ದೊಡ್ಡ ಗಡ್ಡದವನು ನನ್ನ ಕೈ ಹಿಡಿದು ಅತ್ತ. ಬಾರಿನಲ್ಲಿ ನಮ್ಮ ಮೇಜನ್ನು ಒರೆಸಿ ಇಟ್ಟಿದ್ದರು. ಬಿಸಿ ಪಿಯಾದಿನಾ ರೊಟ್ಟಿ, ಹಂದಿಮಾಂಸ, ಕೆಂಪು ವೈನು, ಅಕಾರ್ಡಿಯನ್. ಅಲ್ವಾರೊ ಕುಂಟುಕಾಲಿನಲ್ಲೇ ನನ್ನನ್ನು ಎಳೆದುಕೊಂಡು ಕುಣಿದ. ವೈನಿನ ದುಡ್ಡನ್ನು ಮಾತ್ರ ಪೂರ್ತಿ ನನ್ನ ಕೈಯಲ್ಲೇ ಕೊಡಿಸಿದ. ಕೊಟ್ಟೆ. ಮೂರು ವರ್ಷದಲ್ಲಿ ಮೊದಲ ಸಲ ತಲೆ ಎತ್ತಿಕೊಂಡು ಚೌಕ ದಾಟಿ ಮನೆಗೆ ಬಂದೆ.

ನಿನ್ನ ಪಾಲು ನೇರವಾಗಿ ನಿನ್ನ ಖಾತೆಗೆ ಹೋಗಬೇಕೆಂದು ಬೆನೆದೆತ್ತಾಗೆ ಬರೆದುಕೊಟ್ಟಿದ್ದೇನೆ, ನನ್ನ ಕೈಗೆ ಅದು ಬರುವುದೇ ಬೇಡ. ಏಪ್ರಿಲ್ ಹದಿನೇಳಕ್ಕೆ ಈಸ್ಟರ್. ಕಪ್ಪೆಲೆತ್ತಿ ನಾನೇ ಮಡಿಚುತ್ತೇನೆ. ನಿನ್ನ ತಟ್ಟೆ ಹಾಕಿರುತ್ತೇನೆ. ಬಂದರೆ ಬಾ, ಬಾರದಿದ್ದರೂ ಹಾಕಿರುತ್ತೇನೆ.

ನಿನ್ನ ತಲೆ ನೇವರಿಸುತ್ತಾ,
ನಿನ್ನ ಅಮ್ಮ,
ನಿವೆಸ್

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಸಾಲಲಿಲ್ಲ. ಆ ಅಕ್ಟೋಬರ್ ಹಾಳೆ ನನ್ನದು. ಅದರಲ್ಲಿ ವಾಪಸು ಕೇಳಿದ ದುಡ್ಡು ನಿನ್ನದು. "ಅಮ್ಮ, ದುಡ್ಡು ತೆಗ್ದುಬಿಡು, ನಂಗೆ ಈಗ್ಲೇ ಬೇಕು" ಎಂದು ನೀನು ಆ ತಿಂಗಳು ನಾಲ್ಕು ಸಲ ಫೋನು ಮಾಡಿದೆ. ನಾನು ಜಾನ್‌ಮಾರಿಯಾನನ್ನು ಕೇಳಿದೆ, ಅವನು ಕೊಡಲಿಲ್ಲ. ಎಲ್ಲರನ್ನೂ ಕರೆತಂದವಳು ನಾನೇ ಮೋಸಹೋದೆ ಎಂದು ಹೇಳಲು ನಾಚಿಕೆಯಾಗಿ, ಈಗ ತೆಗೆದರೆ ನಷ್ಟ ಎಂದು ನಿನಗೆ ಸುಳ್ಳು ಹೇಳಿದೆ. ಉಳಿದವರಿಗೂ ಬಾಯಿ ಬಿಡಲಿಲ್ಲ. ಅಲ್ವಾರೊ ಆಮೇಲೂ ದುಡ್ಡು ಹಾಕಿದ. ಮಗಳು ದುಡ್ಡು ಕೇಳುತ್ತಿದ್ದಾಳೆ ಎಂದು ನಾನು ಅವನಿಗೆ ಬರೆದದ್ದೂ ಹಾಳೆಯಲ್ಲಿತ್ತು. ಅದನ್ನು ನ್ಯಾಯಾಲಯದಲ್ಲಿ ಓದಿದಾಗ ಇಯೋಲೆ ಹಿಂದಿನ ಬೆಂಚಿನಿಂದ, "ಹಾಗಾದ್ರೆ ಹುಡುಗಿ ಕೇಳಿದ್ಲು ಕಣೇ" ಎಂದಳು, ಇಡೀ ಕೋಣೆಗೆ ಕೇಳಿಸುವ ಹಾಗೆ. ಹೌದು, ನೀನು ಕೇಳಿದ್ದೆ. "ಇರ್ಲಿ ಬಿಡಮ್ಮ" ಎಂದು ನೀನು ಯಾವತ್ತೂ ಹೇಳಲಿಲ್ಲ. ಅದು ನಾನು ಕಟ್ಟಿದ ಮಾತು.

ಇವತ್ತು ಹೇಳಿದ್ದನ್ನು ನಾಳೆ ಹೇಳೇ ಇಲ್ಲ ಎನ್ನುವವಳು ನಾನು ಎಂದು ನೀನು ಯಾವಾಗಲೂ ಬೈಯುತ್ತಿದ್ದೆ. ಅದಕ್ಕೇ ಈ ಪತ್ರಕ್ಕೆ ಲಕೋಟೆ ಹಾಕಿಲ್ಲ. ಈ ಕೊನೆಯ ಹಾಳೆ ಹೊರಗೆ ಬರುವಂತೆ ಮಡಿಚಿ ಅಂಟಿಸಿದ್ದೇನೆ. ತಿರುಗಿಸಿ ನೋಡು, ಮುದ್ರೆ ಇದರ ಮೇಲೆಯೇ ಇದೆ.