ಬೈದದ್ದು ನಿಮಗಲ್ಲ

ಕಾವ್ಯಾನ ಅಪ್ಪಾರ,

"ಹಾಳಾದವನ, ನಿನ ಬಾಯಾಗ ಮಣ್ಣ ಹಾಕ" ಎಂದು ಬರೆದದ್ದು ನಿಮಗಲ್ಲ! ಹೊಲದಿಂದ ಬರುವಾಗ ನಮ್ಮನ್ನೆಲ್ಲ ಪಲ್ಟಿ ಹೊಡೆಸಿದ ಆ ಟ್ರ್ಯಾಕ್ಟರ್ ಡ್ರೈವರನಿಗೆ. ನನ್ನ ಹಾಳೆ ಕದ್ದು ಓದಿದ್ದೂ ಅಲ್ಲದೆ ಊಟ ಬಿಟ್ಟು ಎದ್ದು ಹೋದಿರಿ. ನಿಮ್ಮನ್ನು ಬೈಯಲು ನನಗೆ ಹಾಳೆ ಯಾಕೆ ಬೇಕು, ಬಾಯಿ ಇಲ್ಲವೇ?

"ಅವತ್ತು ಆದದ್ದನ್ನ ಬರೀರಿ, ಎದಿ ಹಗುರ ಆಗ್ತದ" ಎಂದವರು ಡಾಕ್ಟರಬಾಯಿ. ಸಾಲಿಯಲ್ಲಿ ಕಲಿಸಿದ್ದು ಪತ್ರ ಒಂದೇ, ಅದಕ್ಕೆ ಮೊದಲ ದಿನ "ನಾವೆಲ್ಲರೂ ಕ್ಷೇಮ" ಎಂದು ಸುರು ಮಾಡಿದೆ. ಟ್ರೇಲರಿನ ಅಡಿಗೆ ಬಿದ್ದವಳ ಶಾಣ್ಯಾತನ ನೋಡಿರಿ! ಮರುದಿನ ಬರೀ ಬೈಗುಳ. ಅವೂ ತೀರಿದ ಮೇಲೆ, ಅದೇ ಟ್ರೇಲರಿನ ಅಡಿಗೆ ನನ್ನ ಕೈ ಹಿಡಿದುಕೊಂಡೇ ಸತ್ತ ಸೋಮವ್ವನ ಮಾತು ಹಾಳೆಗೆ ಬಂತು. ಅದನ್ನು ಬರೆದ ದಿನ ನಿಮ್ಮ ಗೊರಕೆಯೂ ಕೇಳದಂಥ ನಿದ್ದೆ ಬಂತು.

ರೊಟ್ಟಿ, ಪುಂಡಿಪಲ್ಯ ಬುಟ್ಟಿಯಲ್ಲಿವೆ. ಎಮ್ಮೆಗೆ ನೀರು ಕುಡಿಸಿರಿ. ಅಂಗಳದ ಮೆಣಸಿನಕಾಯಿ ಒಳಗೆ ತನ್ನಿರಿ. ಅದೇ ಕೈಯಲ್ಲಿ ಕಣ್ಣು ಒರೆಸಿಕೊಂಡು, ಹೆಂಡತಿಯ ನೆನಪಾಗಿ ಅಳು ಬಂತು ಎನ್ನಬೇಡಿರಿ.

ಕಾವ್ಯಾ ರಾಣೆಬೆನ್ನೂರಿನಲ್ಲಿ ಹಡೆದು ತಿಂಗಳಾಯಿತು. ಬಾಣಂತನ ಮಾಡಬೇಕಾದ ತಾಯಿ ಇಲ್ಲಿ ಬ್ಯಾಡಗಿಯಲ್ಲಿ ಬಸ್ಸು ಕಂಡರೆ ಗಟಾರ ಹಾರಿ ಓಡುತ್ತಾಳೆ. ಎಲ್ಲರಿಗೂ ಜೋರು ಮಾಡುವ ಹುಲಿ! ಮೊಮ್ಮಗಳ ಮುಖ ಇನ್ನೂ ನೋಡಿಲ್ಲ.

ಇವತ್ತು ಬಸ್‌ಸ್ಟ್ಯಾಂಡಿಗೆ ಹೊರಟಿದ್ದೇನೆ. ಹತ್ತಲು ಧೈರ್ಯ ಸಾಲದಿದ್ದರೆ ನಿಮಗಿಂತ ಮೊದಲೇ ಮನೆಗೆ ಬಂದು, ಯಾರಿಗೂ ಕಾಣದ ಹಾಗೆ ಈ ಚೀಟಿಯನ್ನು ಒಲೆಗೆ ಹಾಕುತ್ತೇನೆ. ಇದು ನಿಮ್ಮ ಕೈಗೆ ಸಿಕ್ಕಿದೆ ಎಂದರೆ ನಾನು ತಿರುಗಿ ಬಂದಿಲ್ಲ.

ಅಂದರ, ನಾ ಬಸ್ಸು ಹತ್ತೀನ್ರಿ.